ಪೆಡಲ್ ಮೇಲೆ ಹೊರಿಸಿದ ತಪ್ಪು: ನಂದಿ ಬೆಟ್ಟದ ಒಂದು ಸವಾರಿಯ ಪ್ರಕರಣ ಅಧ್ಯಯನ

ಶೂವಿನ ಅಡಿಗೆ ಬಿಗಿದ ಕ್ಲೀಟ್ ಎಂಬ ತುಂಡನ್ನು ಸ್ಪ್ರಿಂಗ್‌ನಿಂದ ಹಿಡಿದಿಟ್ಟುಕೊಳ್ಳುವ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುವ ಕ್ಲೀಟ್ ಪೆಡಲ್‌ಗೆ ಹೊಸಬರಾದವರು ಮೂರು ಸಲ ಬಿದ್ದೇ ಕಲಿಯಬೇಕು ಎಂಬ ಮಾತು ಬೆಂಗಳೂರಿನ ಸೈಕಲ್ ಗುಂಪುಗಳಲ್ಲಿ ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಬಿದ್ದವರಿಗೆ ಮುಜುಗರವಾಗದಿರಲಿ ಎಂದೇ ಹೇಳುವ ಮಾತು. ಆದರೆ ಅದನ್ನು ಕೇಳಿದ ಮೇಲೆ ಬಿದ್ದದ್ದು ಏಕೆಂದು ವಿಚಾರಿಸುವವರೇ ಇರುವುದಿಲ್ಲ. ಲೆಕ್ಕ ಮೂರಾದರೆ ಮುಗಿಯಿತು ಎಂಬ ಭಾವನೆ. ಇಲ್ಲಿ ವಿವರಿಸುತ್ತಿರುವ ಪ್ರಕರಣದಲ್ಲಿ ಸವಾರರೊಬ್ಬರು ಒಂದೇ ಬೆಳಿಗ್ಗೆ ಸರಿಯಾಗಿ ಮೂರು ಸಲ ಬಿದ್ದರು. ಹೀಗಾಗಿ ಗುಂಪಿನವರು ಅವರನ್ನು ಅಭಿನಂದಿಸಿ ಮನೆಗೆ ಕಳುಹಿಸಿದರು. ಆಮೇಲೆ ಸೈಕಲ್ಲನ್ನು ಇಳಿಸಿ ನೋಡಿದಾಗ ಮೂರು ಬೀಳುವಿಕೆಗೂ ಮೂರು ಬೇರೆ ಕಾರಣಗಳು ಸಿಕ್ಕಿದವು. ಒಂದರಲ್ಲೂ ಪೆಡಲ್‌ನ ಸ್ಪ್ರಿಂಗ್ ಕಾಲನ್ನು ಹಿಡಿದಿಟ್ಟದ್ದು ಮೂಲ ಕಾರಣವಾಗಿರಲಿಲ್ಲ.

ನಾನು ಯಲಹಂಕದ ಕಡೆ ಸೈಕಲ್ ದುರಸ್ತಿ ಮತ್ತು ಅಳತೆ ಹೊಂದಿಸುವ ಸಣ್ಣ ಕೆಲಸದ ಮನೆ ಇಟ್ಟುಕೊಂಡಿದ್ದೇನೆ. ವಾರಾಂತ್ಯದ ಸವಾರಿಗಳಲ್ಲಿ ಗುಂಪಿನ ಕೊನೆಯಲ್ಲಿ ಸಾಗುವ ಕೆಲಸ ನನ್ನದು. ಹಾಗಾಗಿ ಮೂರೂ ಘಟನೆಗಳನ್ನು ಹತ್ತು ಹದಿನೈದು ಮೀಟರ್ ಹಿಂದಿನಿಂದ ನೋಡುವ ಅವಕಾಶ ಸಿಕ್ಕಿತು.

ಸವಾರರ ಹಿನ್ನೆಲೆ

ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಉಪನ್ಯಾಸಕಿ, ವಯಸ್ಸು ನಲವತ್ತರ ಹತ್ತಿರ, ತೂಕ 62 ಕಿಲೋ. ಕೆಲವು ವರ್ಷಗಳಿಂದ ಅಲ್ಯುಮಿನಿಯಂ ಚೌಕಟ್ಟಿನ ರೋಡ್ ಬೈಕ್ ಓಡಿಸುತ್ತಿದ್ದಾರೆ. ಮುಂದೆ, ಪೆಡಲ್ ಬಳಿ, 50 ಮತ್ತು 34 ಹಲ್ಲಿನ ಎರಡು ಹಲ್ಲುಚಕ್ರಗಳು, ಹಿಂದೆ 11ರಿಂದ 28 ಹಲ್ಲಿನವರೆಗಿನ ಗೇರ್ ಗುಚ್ಛ. ಅಲ್ಲಿಯವರೆಗೆ ಅವರು ಚಪ್ಪಟೆ ಪೆಡಲ್ ಮೇಲೆ ಓಟದ ಶೂ ಹಾಕಿಕೊಂಡೇ ಎಲ್ಲ ಕಡೆ ಹೋಗಿದ್ದರು. ನಂದಿ ಬೆಟ್ಟವನ್ನೂ ಹಲವು ಸಲ ಹತ್ತಿದ್ದರು. ಏರಿನಲ್ಲಿ ಇನ್ನಷ್ಟು ಬಲ ಸಿಗುತ್ತದೆಂಬ ನಿರೀಕ್ಷೆಯಿಂದ ಮೂರು ತಿರುಪಿನ ಕ್ಲೀಟ್ ಕೂರುವ ರೋಡ್ ಶೂ ಮತ್ತು ಶಿಮಾನೋ ಎಸ್‌ಪಿಡಿ-ಎಸ್‌ಎಲ್ ಪೆಡಲ್ ಕೊಂಡರು. ಕೊಂಡ ಅಂಗಡಿಯಲ್ಲೇ ಪೆಡಲ್ ಜೋಡಿಸಿ, ಶೂಗೆ ಕ್ಲೀಟ್ ಬಿಗಿದು ಕೊಟ್ಟರು. ಸೀಟನ್ನು ಯಾರೂ ಮುಟ್ಟಲಿಲ್ಲ. ಈ ಒಂದು ವಾಕ್ಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಅಭ್ಯಾಸ ಮಾಡದೆ ಬಂದವರಲ್ಲ ಅವರು. ಮನೆಯ ಹತ್ತಿರದ, ಇನ್ನೂ ಮನೆಗಳೇಳದ ಬಡಾವಣೆಯ ರಸ್ತೆಯಲ್ಲಿ ಸಂಜೆಗಳನ್ನು ಕಳೆದು, ಕ್ಲೀಟ್ ಹಾಕುವುದು ಬಿಡಿಸುವುದು ಎರಡನ್ನೂ ಕಲಿತುಕೊಂಡಿದ್ದರು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ.

ದಾರಿ

ಹೆಬ್ಬಾಳದಿಂದ ರಾಷ್ಟ್ರೀಯ ಹೆದ್ದಾರಿ 44ರ ಸರ್ವಿಸ್ ರಸ್ತೆ, ಯಲಹಂಕ, ದೇವನಹಳ್ಳಿ, ಅಲ್ಲಿಂದ ಮುಂದೆ ಎಡಕ್ಕೆ ತಿರುಗಿ ದ್ರಾಕ್ಷಿ ತೋಟಗಳ ನಡುವೆ ಕಾರಹಳ್ಳಿ ಕ್ರಾಸ್. ವಾರಾಂತ್ಯದ ನಸುಕಿನಲ್ಲಿ ಬೆಂಗಳೂರಿನ ಸೈಕಲ್ಲಿಗರಲ್ಲಿ ಬಹುಪಾಲು ಜನ ಹಿಡಿಯುವ ದಾರಿ ಇದೇ. ಬೆಟ್ಟದ ಶಿಖರ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ಕ್ರಾಸ್‌ನಿಂದ ಮೇಲಿನ ದ್ವಾರದವರೆಗೆ ಸುಮಾರು ಏಳೂವರೆ ಕಿಲೋಮೀಟರ್. ಆ ದೂರದಲ್ಲಿ ನಾನೂರು ಮೀಟರಿಗೂ ಹೆಚ್ಚು ಏರಬೇಕು. ಸರಾಸರಿ ಏರು ನೂರಕ್ಕೆ ಐದೂವರೆಯಷ್ಟು ಎಂದರೆ ಸುಲಭವಾಗಿ ಕೇಳಿಸುತ್ತದೆ. ಕೆಳಗಿನ ಭಾಗ ಸೌಮ್ಯ, ಮೇಲಿನ ಎರಡು ಕಿಲೋಮೀಟರ್ ಕಡಿದು. ಹೇರ್‌ಪಿನ್ ತಿರುವುಗಳ ಒಳಬದಿಯಂತೂ ಇನ್ನೂ ಕಡಿದು.

ಈ ಒಳಬದಿಯ ವಿಷಯ ನಮ್ಮ ದೇಶದಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರು. ಬೆಟ್ಟ ಹತ್ತುವಾಗ ಬಲ ತಿರುವು ಬಂದರೆ ನಾವು ಹೊರಗಿನ ಉದ್ದ ಕಮಾನಿನಲ್ಲಿರುತ್ತೇವೆ. ಅಷ್ಟೇ ಎತ್ತರವನ್ನು ಹೆಚ್ಚು ದೂರದಲ್ಲಿ ಏರುತ್ತೇವೆ, ಉಸಿರಾಟಕ್ಕೆ ಬಿಡುವು ಸಿಗುತ್ತದೆ. ಎಡ ತಿರುವಿನಲ್ಲಿ ಒಳಗಿನ ಗಿಡ್ಡ ಕಮಾನು ನಮ್ಮ ಪಾಲಿಗೆ. ಅಲ್ಲಿ ಕೆಲವು ಮೀಟರ್ ಮಟ್ಟಿಗೆ ರಸ್ತೆ ಗೋಡೆಯಂತೆ ಏಳುತ್ತದೆ. ನಂದಿಯಲ್ಲಿ ಕಾಲು ಊರುವವರು ಬಹುತೇಕ ಎಡ ತಿರುವುಗಳಲ್ಲೇ ಊರುವುದನ್ನು ಹಿಂದಿನಿಂದ ನೋಡುತ್ತಾ ಬಂದಿದ್ದೇನೆ.

ಮೊದಲನೆಯದು: ಚಹಾ ಅಂಗಡಿಯ ಮುಂದೆ

ಕಾರಹಳ್ಳಿ ಕ್ರಾಸ್‌ಗೆ ಮೊದಲೇ ಗುಂಪು ಚಹಾಕ್ಕೆ ನಿಂತಿತು. ಉಪನ್ಯಾಸಕಿ ಬಹಳ ಮುಂಚಿತವಾಗಿಯೇ ಬಲಗಾಲನ್ನು ಬಿಡಿಸಿಕೊಂಡು, ರಸ್ತೆಯ ಎಡ ಅಂಚಿಗೆ ಬಂದು, ಬ್ರೇಕ್ ಹಿಡಿದು ನಿಲ್ಲಿಸಿದರು. ಎಲ್ಲವೂ ಕಲಿತಂತೆಯೇ. ಸೈಕಲ್ ನಿಂತಿತು, ಅರೆಕ್ಷಣ ಹಾಗೆಯೇ ನಿಂತಿತ್ತು, ಬಳಿಕ ಬುಡ ಕಡಿದ ಬಾಳೆಗಿಡದಂತೆ ಎಡಕ್ಕೆ ಮಲಗಿತು. ಎಡಗಾಲು ಇನ್ನೂ ಪೆಡಲ್‌ನಲ್ಲೇ ಇತ್ತು.

"ಬಲಗಾಲು ಏಕೆ ಮೇಡಂ?" ಎಂದು ಎತ್ತುತ್ತಾ ಕೇಳಿದೆ.

"ವಿಡಿಯೊದಲ್ಲಿ ಹಾಗೆಯೇ ತೋರಿಸಿದ್ದರು ಸರ್."

ವಿಡಿಯೊದಲ್ಲಿ ತೋರಿಸಿದವರದ್ದು ತಪ್ಪಲ್ಲ. ಅವರು ಬಲಬದಿಯಲ್ಲಿ ಸಾಗುವ ದೇಶದವರು. ಅವರಿಗೆ ರಸ್ತೆಯ ಅಂಚು, ಕಾಲುದಾರಿಯ ಕಲ್ಲು, ರಸ್ತೆಯ ಇಳಿಜಾರು ಎಲ್ಲವೂ ಬಲಕ್ಕೆ. ಮಳೆನೀರು ಹರಿದುಹೋಗಲಿ ಎಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚುಗಳನ್ನು ತಗ್ಗಿಸಿರುತ್ತಾರೆ. ಎಡ ಅಂಚಿನಲ್ಲಿ ನಿಲ್ಲುವ ನಮ್ಮ ಸೈಕಲ್ಲಿಗೆ ಎಡಕ್ಕೆ ವಾಲುವುದೇ ಸಹಜ. ಬಡಾವಣೆಯ ರಸ್ತೆಯ ನಡುವೆ ಅಭ್ಯಾಸ ಮಾಡಿದಾಗ ಈ ವಾಲು ಅವರ ಅನುಭವಕ್ಕೆ ಬಂದಿರಲಿಲ್ಲ. ಬಲಗಾಲನ್ನು ಬಿಡಿಸಿ ಬಲಕ್ಕೆ ವಾಲಿ ನಿಂತಿದ್ದರೂ ಒಳ್ಳೆಯದಾಗುತ್ತಿರಲಿಲ್ಲ: ಹಿಂದಿನಿಂದ ಬರುವ ವಾಹನಗಳ ಕಡೆಗೇ ದೇಹವನ್ನು ಒಡ್ಡಿದಂತಾಗುತ್ತಿತ್ತು. ಸಾಲದ್ದಕ್ಕೆ ಚೈನ್ ಇರುವುದೂ ಬಲಕ್ಕೆ; ಮೀನಖಂಡಕ್ಕೆ ಎಣ್ಣೆಯ ಹಲ್ಲುಗುರುತು ಖಚಿತ. ಎಡಬದಿಯ ದೇಶದಲ್ಲಿ ಎಡಗಾಲು ಊರುವುದಕ್ಕೆ ಇಷ್ಟೆಲ್ಲ ಕಾರಣಗಳಿವೆ. ಆದರೂ ಹೊಸಬರಿಗೆ ಕಲಿಸುವವರು 'ನಿಮಗೆ ಯಾವ ಕಾಲು ಸಲೀಸೋ ಅದು' ಎಂದುಬಿಡುತ್ತಾರೆ. ನಾನು ಹಾಗೆ ಹೇಳುವುದಿಲ್ಲ.

ಎರಡನೆಯದು: ಎಡ ತಿರುವು

ಎರಡನೆಯ ಘಟನೆಯೇ ಈ ಪ್ರಕರಣದ ತಿರುಳು. ಬೆಟ್ಟದ ಮೇಲಿನ ಭಾಗದ ಒಂದು ಎಡ ಹೇರ್‌ಪಿನ್‌ನಲ್ಲಿ, ಮುಂದೆ ಹೋಗುತ್ತಿದ್ದ ಕಾರು ಎದುರಿನಿಂದ ಇಳಿಯುತ್ತಿದ್ದ ಟೆಂಪೊಗೆ ಜಾಗ ಕೊಡಲು ಹಠಾತ್ತನೆ ನಿಂತಿತು. ಉಪನ್ಯಾಸಕಿ ಆಗಲೇ ಅತ್ಯಂತ ಹಗುರವಾದ ಗೇರ್‌ನಲ್ಲಿದ್ದರು. ಪೆಡಲ್ ಬಹಳ ನಿಧಾನವಾಗಿ ತಿರುಗುತ್ತಿತ್ತು. ಪ್ರತಿ ತುಳಿತಕ್ಕೂ ಭುಜ ಅಲುಗಾಡುತ್ತಿತ್ತು. ಕಾರು ನಿಂತದ್ದು ಕಂಡು ಒಂದು ತುಳಿತ ತಡೆದರು. ಅಷ್ಟೇ. ಸೈಕಲ್ ನಿಂತುಬಿಟ್ಟಿತು. ಎಡಗಾಲಿನ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಲು ಅವರು ಪ್ರಯತ್ನಿಸಿದ್ದು ನನಗೆ ಕಂಡಿತು; ಕಾಲು ಬಿಡಲಿಲ್ಲ. ರಸ್ತೆಯಂಚಿನ ಮಣ್ಣಿಗೆ ಬಿದ್ದರು. ಮೊಣಕೈ ತರಚಿತು. ಎಡಕ್ಕೆ ಬಿದ್ದದ್ದರಿಂದ, ಬಲಬದಿಯಲ್ಲಿ ಚೈನನ್ನು ಗೇರ್‌ನಿಂದ ಗೇರ್‌ಗೆ ಸರಿಸುವ ಹಿಂದಿನ ಡಿರೇಲರ್ ಬಾಗದೆ ಉಳಿಯಿತು. ಬಲಕ್ಕೆ ಬಿದ್ದಿದ್ದರೆ ಮನೆಗೆ ಹೋಗಲು ಗಾಡಿ ಕರೆಯಬೇಕಾಗುತ್ತಿತ್ತು.

ಪಕ್ಕದಲ್ಲಿ ಹತ್ತುತ್ತಿದ್ದ ಹಿರಿಯರೊಬ್ಬರು, "ಸ್ಪ್ರಿಂಗ್ ಬಿಗಿಯಾಗಿದೆ, ಸಡಿಲ ಮಾಡಿಸಿಕೊಳ್ಳಿ ಅಮ್ಮಾ" ಎಂದು ಹೇಳಿ ಮುಂದೆ ಸಾಗಿದರು. ಈ ಸಲಹೆಯೇ ಎಲ್ಲ ಕಡೆ ಸಿಗುವುದು.

ಸ್ಪ್ರಿಂಗ್ ಬಿಗಿಯಾಗಿರಲಿಲ್ಲ. ಅಲ್ಲಿಯೇ ಅಲೆನ್ ಕೀ ಹಾಕಿ ನೋಡಿದೆ: ಎರಡೂ ಪೆಡಲ್‌ಗಳ ತಿರುಪು ಕನಿಷ್ಠ ಬಿಗಿತದಲ್ಲೇ ಇದ್ದವು. ಹಾಗಾದರೆ ಬಿಡದಿದ್ದದ್ದೇಕೆ? ಈ ಪೆಡಲ್‌ಗಳ ವಂಶ ತಿಳಿದವರಿಗೆ ಉತ್ತರ ಅರ್ಧ ಸಿಗುತ್ತದೆ. 1984ರಲ್ಲಿ ಫ್ರಾನ್ಸ್‌ನ ಲುಕ್ ಸಂಸ್ಥೆ ಮಂಜಿನ ಮೇಲೆ ಜಾರುವ ಸ್ಕೀಯ ಹಿಡಿಕೆಯ ತಂತ್ರವನ್ನೇ ಪೆಡಲ್‌ಗೆ ತಂದಿತು. ಮರುವರ್ಷ ಬರ್ನಾರ್ ಇನೊ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ಪಟ್ಟಿ ಬಿಗಿಯುವ ಹಳೆಯ ಕಾಲು ಪಂಜರಗಳು ವೃತ್ತಿಪರರ ಸೈಕಲ್ಲುಗಳಿಂದ ಮಾಯವಾಗತೊಡಗಿದವು. ಸ್ಕೀಯ ಹಿಡಿಕೆ ಕಾಲು ತಿರುಚಿದಾಗ ಬಿಡಲೇಬೇಕು, ಇಲ್ಲದಿದ್ದರೆ ಮೂಳೆ ಮುರಿಯುತ್ತದೆ. ಪೆಡಲ್ ಕೂಡ ತಿರುಚಿದರೆ ಮಾತ್ರ ಬಿಡುತ್ತದೆ. ಮೇಲಕ್ಕೆ ಎಳೆದರೆ ಬಿಡುವುದಿಲ್ಲ, ಎಳೆದಾಗ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ.

ತಿರುಚುವುದಕ್ಕೆ ಕಾಲು ಹಗುರವಾಗಿರಬೇಕು. ಪೂರ್ತಿ ತೂಕ ಹಾಕಿ ತುಳಿಯುತ್ತಿರುವ ಕಾಲನ್ನು ಅದೇ ಕ್ಷಣದಲ್ಲಿ ಪಕ್ಕಕ್ಕೆ ತಿರುಗಿಸುವುದು ಕಷ್ಟ. ಮನೆಯ ನೆಲದ ಮೇಲೆ ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿ ತಿರುಗಿಸಲು ಪ್ರಯತ್ನಿಸಿದರೂ ಇದು ಗೊತ್ತಾಗುತ್ತದೆ. ಪೆಡಲ್ ಅತ್ಯಂತ ಕೆಳಗಿರುವಾಗ, ತುಳಿತದ ಒತ್ತಡ ಮುಗಿದ ಕ್ಷಣದಲ್ಲಿ, ಕಾಲು ಸುಲಭವಾಗಿ ಬಿಡುತ್ತದೆ. ನಿಮಿಷಕ್ಕೆ 80 ಸುತ್ತು ತುಳಿಯುವವರಿಗೆ ಆ ಕ್ಷಣ ಮುಕ್ಕಾಲು ಸೆಕೆಂಡಿಗೊಮ್ಮೆ ಬರುತ್ತದೆ. ನಿಮಿಷಕ್ಕೆ 48 ಸುತ್ತಿನಲ್ಲಿ ಏದುಸಿರು ಬಿಡುತ್ತಿರುವವರಿಗೆ ಒಂದೂಕಾಲು ಸೆಕೆಂಡಿಗೊಮ್ಮೆ. ಕಡಿದಾದ ಏರಿನಲ್ಲಿ ಸೈಕಲ್ ಮಗುಚಿಕೊಳ್ಳಲು ಅಷ್ಟು ಹೊತ್ತು ಬೇಕಿಲ್ಲ.

48 ಎಂಬ ಸಂಖ್ಯೆ ಎಲ್ಲಿಂದ ಬಂತು? ಅದನ್ನು ಉಪನ್ಯಾಸಕಿಯೇ ನನ್ನ ಕೆಲಸದ ಮನೆಯಲ್ಲಿ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಸೈಕಲ್, ನೀರು, ಸಾಮಾನು ಸೇರಿ ಒಟ್ಟು ತೂಕ 74 ಕಿಲೋ. ಬಹಳ ಹೊತ್ತು ಕೊಡಬಲ್ಲ ಶಕ್ತಿ 140 ವ್ಯಾಟ್ ಎಂದಿಟ್ಟುಕೊಂಡರು. ನೂರಕ್ಕೆ ಒಂಬತ್ತರ ಏರು, ಟೈರಿನ ಉರುಳು ಘರ್ಷಣೆಗೆ ಇನ್ನರ್ಧ. ವೇಗ ಸೆಕೆಂಡಿಗೆ ಎರಡು ಮೀಟರ್ ಚಿಲ್ಲರೆ, ಅಂದರೆ ಗಂಟೆಗೆ 7.3 ಕಿಲೋಮೀಟರ್. ಚಕ್ರದ ಸುತ್ತಳತೆ 2.1 ಮೀಟರ್. ಮುಂದೆ 34, ಹಿಂದೆ 28 ಹಲ್ಲು ಇದ್ದರೆ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ 2.55 ಮೀಟರ್ ಸಾಗುತ್ತದೆ. ಭಾಗಿಸಿದರೆ ನಿಮಿಷಕ್ಕೆ 48 ಸುತ್ತು.

"ಸರ್, ಹಾಗಾದರೆ ಈ ಬೆಟ್ಟಕ್ಕೆ ಬೇಕಾದ ಗೇರ್ ನನ್ನ ಸೈಕಲ್ಲಿನಲ್ಲಿ ಮೊದಲಿನಿಂದಲೂ ಇರಲಿಲ್ಲ."

"ಇರಲಿಲ್ಲ ಮೇಡಂ."

"ಮತ್ತೆ ಇಷ್ಟು ಸಲ ಹೇಗೆ ಹತ್ತಿದೆ?"

ಈ ಪ್ರಶ್ನೆಗೆ ಉತ್ತರವನ್ನೂ ಅವರೇ ಹುಡುಕಿಕೊಂಡರು. ಓಟದ ಶೂ ಹಾಕಿಕೊಂಡು ಹತ್ತುತ್ತಿದ್ದಾಗ ಕಡಿದಾದ ತಿರುವುಗಳಲ್ಲಿ ಕಾಲು ಊರುತ್ತಿದ್ದರು, ಎರಡು ಉಸಿರು ತೆಗೆದುಕೊಂಡು ಮತ್ತೆ ತುಳಿಯುತ್ತಿದ್ದರು. ಅದನ್ನು ಅವರು ನಿಲ್ಲುವುದು ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಚಪ್ಪಟೆ ಪೆಡಲ್ ಈ ಕೊರತೆಯನ್ನು ಸದ್ದಿಲ್ಲದೆ ಕ್ಷಮಿಸುತ್ತಿತ್ತು. ಹೊಸ ಪೆಡಲ್ ಕ್ಷಮಿಸಲಿಲ್ಲ.

ಇನ್ನೊಂದು ಸಂಗತಿಯೂ ಇದಕ್ಕೆ ಸೇರಿಕೊಂಡಿತ್ತು. ಕ್ಲೀಟ್ ಹಾಕಿಕೊಂಡರೆ ಕಾಲನ್ನು ಮೇಲಕ್ಕೆ ಎಳೆದೂ ಬಲ ಪಡೆಯಬಹುದು ಎಂದು ಅವರು ನಂಬಿದ್ದರು; ಬೆಟ್ಟದ ಬುಡದಿಂದಲೇ ಪ್ರತಿ ಸುತ್ತಿನಲ್ಲೂ ಎಳೆಯುತ್ತಾ ಬಂದಿದ್ದರು. ಈ ನಂಬಿಕೆ ಬಹಳ ಹಳೆಯದು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೇರೆ ಬೇರೆ ತುಳಿತದ ವಿಧಾನಗಳನ್ನು ಹೋಲಿಸಿ ನೋಡಿದಾಗ, ಬೇಕೆಂದೇ ಮೇಲಕ್ಕೆ ಎಳೆಯುವ ವಿಧಾನದಲ್ಲಿ ದೇಹದ ಶಕ್ತಿ ಹೆಚ್ಚು ವ್ಯಯವಾಯಿತು, ದಕ್ಷತೆ ಇಳಿಯಿತು. ಎಳೆಯುವ ಸ್ನಾಯುಗಳು ತುಳಿಯುವ ಸ್ನಾಯುಗಳಷ್ಟು ದೊಡ್ಡವಲ್ಲ, ಬೇಗ ದಣಿಯುತ್ತವೆ. ಏರುವ ಕಾಲು ತುಳಿಯುವ ಕಾಲಿಗೆ ಭಾರವಾಗದಿದ್ದರೆ ಸಾಕು. ಕ್ಲೀಟ್‌ನ ನಿಜವಾದ ಪ್ರಯೋಜನ ಬೇರೆ: ಕಾಲು ಪ್ರತಿ ಸಲವೂ ಒಂದೇ ಜಾಗದಲ್ಲಿರುತ್ತದೆ, ಎದ್ದು ನಿಂತು ತುಳಿಯುವಾಗ ಜಾರುವುದಿಲ್ಲ, ವೇಗವಾಗಿ ತುಳಿಯುವಾಗ ಹಾರುವುದಿಲ್ಲ. ಏರಿನಲ್ಲಿ ಪವಾಡ ನಡೆಯುವುದಿಲ್ಲ.

ಮೂರನೆಯದು: ಬಿಡಿಸಿದ ಕಾಲು

ದ್ವಾರದ ಹತ್ತಿರ ವಾಹನಗಳ ಸಾಲು ನಿಂತಿತ್ತು. ಈ ಸಲ ಅವರು ಎಲ್ಲವನ್ನೂ ಸರಿಯಾಗಿ ಮಾಡಿದರು. ಬಹಳ ಮೊದಲೇ ಎಡಗಾಲು ಬಿಡಿಸಿದರು, ಎಡ ಅಂಚಿಗೆ ಬಂದರು, ಎಡಕ್ಕೆ ವಾಲಿ ಕಾಲು ಚಾಚಿದರು. ನೆಲ ಸಿಗಲಿಲ್ಲ. ಡಾಂಬರಿನ ಅಂಚು ಅಲ್ಲಿ ಮುರಿದು ನಾಲ್ಕು ಬೆರಳು ತಗ್ಗಿತ್ತು. ಸೀಟಿನ ಮೇಲೆ ಕುಳಿತೇ ಇದ್ದ ಅವರ ಕಾಲಿನ ತುದಿ ಗಾಳಿಯಲ್ಲಿ ನೆಲ ಹುಡುಕಿತು. ಸೈಕಲ್ ಅಷ್ಟರಲ್ಲಿ ಹತೋಟಿ ಮೀರಿ ವಾಲಿತ್ತು. ಮಂಡಿಯೂರಿ ಬಿದ್ದರು.

ಕಾಲು ಬಿಡಿಸಿಯೂ ಬಿದ್ದರಲ್ಲ ಎಂದು ಗುಂಪಿನಲ್ಲಿ ಒಬ್ಬರು ನಕ್ಕರು. ನನಗೆ ಮಾತ್ರ ಸೀಟಿನ ನೆನಪಾದದ್ದು ಆಗಲೇ. ಓಟದ ಶೂವಿನ ಅಡಿ ದಪ್ಪ. ಸೈಕಲ್ ಶೂವಿನದ್ದು ತೆಳು, ಗಟ್ಟಿ. ಸೀಟು ಹಳೆಯ ಎತ್ತರದಲ್ಲೇ ಇದೆ. ಹಳೆಯ ಶೂ ಹಾಕಿದ್ದಾಗ ಬೆರಳ ತುದಿಯಲ್ಲಿ ನೆಲ ಮುಟ್ಟುತ್ತಿದ್ದವರಿಗೆ ಹೊಸ ಶೂ ಹಾಕಿದರೆ ನೆಲ ಅಷ್ಟರ ಮಟ್ಟಿಗೆ ದೂರ ಸರಿದಿರುತ್ತದೆ. ಸಾಲದ್ದಕ್ಕೆ ಕ್ಲೀಟ್ ನುಣುಪಾದ ಪ್ಲಾಸ್ಟಿಕ್ ತುಂಡು. ತುದಿ ತಾಗಿದರೂ ಕಚ್ಚಿ ನಿಲ್ಲುವುದಿಲ್ಲ. (ಮೇಲೆ ಕಲ್ಲಿನ ಮೆಟ್ಟಿಲುಗಳ ಕಡೆ ನಡೆದಾಗ ಅದೂ ತಿಳಿಯಿತು. ಕೈಯಲ್ಲಿದ್ದ ಬಾಳೆಹಣ್ಣು ಒಂದು ಕಡೆ, ಅವರು ಇನ್ನೊಂದು ಕಡೆ. ಹಣ್ಣು ಕೋತಿಯ ಪಾಲಾಯಿತು. ಇದನ್ನು ನಾಲ್ಕನೆಯದಾಗಿ ಎಣಿಸಬೇಡಿ ಎಂದು ಅವರೇ ಕೇಳಿಕೊಂಡರು.)

ಇಳಿಯುವಾಗ ಏನೂ ತೊಂದರೆಯಾಗಲಿಲ್ಲ. ಇಳಿಜಾರಿನಲ್ಲಿ ಹೊರಗಾಲು ಕೆಳಗೆ, ಅದರ ಮೇಲೆ ತೂಕ. ಕಾಲು ಪೆಡಲ್‌ನಲ್ಲಿ ಭದ್ರವಾಗಿರುವುದು ಅಲ್ಲಿ ವರವೇ. ಆದರೆ ದೇವನಹಳ್ಳಿ ಹತ್ತಿರವಾಗುವಾಗ ಎರಡೂ ಮಂಡಿಗಳ ಹಿಂಭಾಗ ನೋಯತೊಡಗಿತು. ಬಲ ಮಂಡಿಯ ಒಳಬದಿಯಲ್ಲಿ ಬೇರೆಯೇ ಒಂದು ಚುಚ್ಚು.

ಕೆಲಸದ ಮನೆಯಲ್ಲಿ ಕಂಡದ್ದು

ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಿಡುವ ಟ್ರೇನರ್ ಮೇಲೆ ನಿಲ್ಲಿಸಿ, ಅವರನ್ನು ಕೂರಿಸಿ ಹಿಂದಿನಿಂದ ನೋಡಿದರೆ ಸೊಂಟ ಎಡಬಲಕ್ಕೆ ತೂಗುತ್ತಿತ್ತು. ಪೆಡಲ್ ಕೆಳಗಿರುವಾಗ ಮಂಡಿ ಎಷ್ಟು ಬಾಗಿದೆ ಎಂದು ಕೋನಮಾಪಕ ಇಟ್ಟು ಅಳೆದೆ. ಸಾಮಾನ್ಯವಾಗಿ 25ರಿಂದ 35 ಡಿಗ್ರಿ ಇರಬೇಕಾದದ್ದು 20ರ ಆಸುಪಾಸಿನಲ್ಲಿತ್ತು. ಕಾಲು ಅತಿಯಾಗಿ ಚಾಚಿಕೊಳ್ಳುತ್ತಿತ್ತು. ಮಂಡಿಯ ಹಿಂದೆ ನೋವು ಬಂದರೆ ಮೊದಲು ಅನುಮಾನಿಸಬೇಕಾದದ್ದು ಎತ್ತರದ ಸೀಟನ್ನು. ಮುಂದೆ ನೋವು ಬಂದರೆ ತಗ್ಗಿನ ಸೀಟನ್ನು ಇಲ್ಲವೇ ಭಾರದ ಗೇರನ್ನು. ಇಲ್ಲಿ ಬೆಟ್ಟದುದ್ದಕ್ಕೂ ಕಾಲು ಎಳೆದದ್ದೂ ತೊಡೆಯ ಹಿಂದಿನ ಸ್ನಾಯುಗಳಿಗೆ ಹೊರೆಯಾಗಿ ಸೇರಿತ್ತು.

ಹಳೆಯ ಪೆಡಲ್, ಹಳೆಯ ಶೂ ತರಿಸಿ ಪಕ್ಕದಲ್ಲಿಟ್ಟು ಅಳೆದೆವು. ಪೆಡಲ್‌ನ ಅಚ್ಚಿನ ಮಧ್ಯದಿಂದ ಪಾದದ ಅಡಿಯವರೆಗಿನ ಅಂತರ ಹಳೆಯ ಜೋಡಿಯಲ್ಲಿ ಹೊಸದಕ್ಕಿಂತ ಸುಮಾರು ಒಂದೂವರೆ ಸೆಂಟಿಮೀಟರ್ ಹೆಚ್ಚು. ಹೊಸ ಪೆಡಲ್ ಹಾಕಿದ ದಿನವೇ ಅವರ ಸೀಟು, ಮುಟ್ಟದೆಯೇ, ಅಷ್ಟು ಎತ್ತರವಾಗಿಬಿಟ್ಟಿತ್ತು. ಓಟದ ಶೂವಿನ ಮೆತ್ತೆ ತುಳಿದಾಗ ಒತ್ತಿಕೊಳ್ಳುವುದರಿಂದ ಪೂರ್ತಿ ಇಳಿಸಲಿಲ್ಲ; 12 ಮಿಲಿಮೀಟರ್ ಇಳಿಸಿದೆ. ಮಂಡಿಯ ಬಾಗು 28 ಡಿಗ್ರಿಗೆ ಬಂತು, ಸೊಂಟದ ತೂಗಾಟ ನಿಂತಿತು.

ಒಳಬದಿಯ ಚುಚ್ಚಿಗೆ ಕಾರಣ ಕ್ಲೀಟ್ ಕೂರಿಸಿದ ರೀತಿ. ಅವರನ್ನು ಎತ್ತರದ ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ ನೋಡಿದೆ. ಎಡ ಪಾದ ಬಹುಮಟ್ಟಿಗೆ ನೇರ. ಬಲ ಪಾದದ ಬೆರಳು ಚೆನ್ನಾಗಿ ಹೊರಮುಖ. ಹುಟ್ಟಿನಿಂದ ಬಂದ ನಡಿಗೆ ಅದು, ತಿದ್ದಬೇಕಾದದ್ದಲ್ಲ. ಅಂಗಡಿಯಲ್ಲಿ ಎರಡೂ ಕ್ಲೀಟ್‌ಗಳನ್ನು ಶೂವಿನ ನಡುಗೆರೆಗೆ ನೇರವಾಗಿ ಬಿಗಿದಿದ್ದರು. ಅವರ ಹಳದಿ ಕ್ಲೀಟ್ ಒಟ್ಟು 6 ಡಿಗ್ರಿ ಅಲುಗಾಟಕ್ಕೆ ಅವಕಾಶ ಕೊಡುತ್ತದೆ. ನೀಲಿಯದು 2 ಡಿಗ್ರಿ, ಕೆಂಪಿನದು ಸೊನ್ನೆ. ಆರು ಡಿಗ್ರಿ ಎಂದರೆ ನಡುವಿನಿಂದ ಆಚೆಗೆ ಮೂರು, ಈಚೆಗೆ ಮೂರು. ಅವರ ಬಲ ಪಾದ ಆ ಮೂರನ್ನೂ ಬಳಸಿಕೊಂಡು ಕೊನೆಯ ಅಂಚಿಗೆ ಒತ್ತಿಕೊಂಡೇ ಇರುತ್ತಿತ್ತು. ಪಾದ ತಿರುಗಲಾಗದಿದ್ದಾಗ ಆ ತಿರುಚು ಮಂಡಿಗೆ ಹೋಗುತ್ತದೆ.

ಬೆರಳು ಹೊರಮುಖವೆಂದರೆ ಹಿಮ್ಮಡಿ ಒಳಮುಖ. ಬಿಡಿಸಲು ಹಿಮ್ಮಡಿ ಹೊರಗೆ ಹೋಗಬೇಕು. ಒಳ ಅಂಚಿನಿಂದ ಹೊರಟು ಬಿಡುವ ಕೋನದವರೆಗೆ ತಿರುಗಬೇಕಾದ ದೂರ ಅವರಿಗೆ ಇತರರಿಗಿಂತ ಹೆಚ್ಚು. ಬಲಗಾಲು ಬಿಡಿಸುವುದು ತಡ ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ಅದನ್ನು ನಾವೆಲ್ಲ ಅಭ್ಯಾಸದ ಕೊರತೆ ಎಂದುಕೊಂಡಿದ್ದೆವು. ಬಲ ಕ್ಲೀಟ್‌ನ ಮೂಗನ್ನು ಹೆಬ್ಬೆರಳಿನ ಕಡೆಗೆ ಕೊಂಚ ತಿರುಗಿಸಿ ಬಿಗಿದೆ. ಹಾಗೆ ಮಾಡಿದರೆ ಪೆಡಲ್ ಮೇಲೆ ಪಾದ ತಾನಾಗಿ ಹೊರಮುಖವಾಗಿ ಕೂರುತ್ತದೆ. ಹಿಂದೆ ಮುಂದೆ ಹೊಂದಿಸುವಾಗ ಹೆಬ್ಬೆರಳಿನ ಬುಡದ ಗಂಟು ಮತ್ತು ಕಿರುಬೆರಳಿನ ಬುಡದ ಗಂಟು ಎರಡರ ನಡುವೆ ಅಚ್ಚು ಬರುವಂತೆ ನೋಡಿಕೊಂಡೆ. ತಿರುಪುಗಳು ಒಣಗಿದ್ದವು, ಗ್ರೀಸ್ ಹಚ್ಚಿದೆ. ಬೆಟ್ಟದುದ್ದಕ್ಕೂ ಕೇಳಿಸಿದ ಕಿರುಗುಟ್ಟುವಿಕೆ, ಹೊಸ ಬೇರಿಂಗ್ ಹಾಕಿಸಬೇಕೆಂದು ಗುಂಪಿನವರು ಅವರನ್ನು ಹೆದರಿಸಿದ್ದು, ಅಲ್ಲಿಗೆ ಮುಗಿಯಿತು.

ಗೇರ್ ವಿಷಯದಲ್ಲಿ ಹಣ ಖರ್ಚಾಯಿತು. ಹಿಂದಿನ ಗುಚ್ಛವನ್ನು 11-34ಕ್ಕೆ ಬದಲಿಸಬೇಕಾದರೆ ಚೈನನ್ನು ಬಿಗಿಯಾಗಿ ಹಿಡಿಯುವ ಪಂಜರ ಗಿಡ್ಡವಿರುವ ಅವರ ಡಿರೇಲರ್ ಸಾಲದು. ಉದ್ದ ಪಂಜರದ್ದು, ಜೊತೆಗೆ ಉದ್ದನೆಯ ಹೊಸ ಚೈನ್. "ಪೆಡಲ್‌ಗಿಂತ ಮೊದಲು ಇದನ್ನೇ ಕೊಳ್ಳಬೇಕಿತ್ತು" ಎಂದರು. ಒಪ್ಪುತ್ತೇನೆ. ಅದೇ 7.3 ಕಿಲೋಮೀಟರ್ ವೇಗದಲ್ಲಿ 34ರ ಮೇಲೆ 34 ಹಾಕಿದರೆ ನಿಮಿಷಕ್ಕೆ 58 ಸುತ್ತು. ವೇಗ ಹೆಚ್ಚುವುದಿಲ್ಲ. ಆದರೆ ಪ್ರತಿ ತುಳಿತದ ಭಾರ ಆರರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ, ಕಾಲು ಹಗುರವಾಗುವ ಕ್ಷಣ ಬೇಗ ಬೇಗ ಬರುತ್ತದೆ.

ಕಲಿಕೆ ಮತ್ತೆ, ಈ ಸಲ ಏರಿನಲ್ಲಿ

ಸಮತಟ್ಟಿನ ಅಭ್ಯಾಸದಲ್ಲಿ ನಿಲ್ಲುವುದೆಲ್ಲ ನಾವೇ ನಿರ್ಧರಿಸಿದ ನಿಲುಗಡೆ. ಬೆಟ್ಟದಲ್ಲಿ ನಿಲ್ಲಿಸುವವರು ಬೇರೆಯವರು. ಹಾಗಾಗಿ ಆವತಿ ಆಸುಪಾಸಿನ ಒಂದು ಚಿಕ್ಕ ಏರನ್ನು ಆರಿಸಿಕೊಂಡು, ನಾನು ಹಿಂದಿನಿಂದ ಇದ್ದಕ್ಕಿದ್ದಂತೆ 'ನಿಲ್ಲಿ' ಎಂದು ಕೂಗುವುದು, ಅವರು ನಿಲ್ಲುವುದು. ಮೊದಲು ತಿದ್ದಿದ್ದು ಕುಳಿತೇ ನಿಲ್ಲುವ ಚಾಳಿಯನ್ನು. ಬಲ ಪೆಡಲ್ ಕೆಳಗೆ ತಂದು ಅದರ ಮೇಲೆ ನಿಲ್ಲಬೇಕು, ಸೀಟಿನಿಂದ ಮುಂದಕ್ಕೆ ಇಳಿಯಬೇಕು, ಆಮೇಲೆ ಎಡಗಾಲು. ಹೀಗೆ ಇಳಿದರೆ ಇಡೀ ಅಂಗಾಲು ನೆಲ ಮುಟ್ಟುತ್ತದೆ, ಅಂಚು ತಗ್ಗಿದ್ದರೂ ಉಳಿಯುತ್ತೇವೆ. ಕೊನೆಯ ಕ್ಷಣದಲ್ಲಿ ಹ್ಯಾಂಡಲ್ಲನ್ನು ಕೊಂಚ ಬಲಕ್ಕೆ ತಿರುಗಿಸಿದರೆ ಚಲಿಸುತ್ತಿರುವ ಸೈಕಲ್ ಎಡಕ್ಕೆ ವಾಲುತ್ತದೆ. ಇದನ್ನು ಹೇಳಿದಾಗ ಉಪನ್ಯಾಸಕಿ ಅಲ್ಲೇ ನಿಂತು ನನಗೆ ಅದರ ಕಾರಣವನ್ನು ವಿವರಿಸಿದರು. ಅರ್ಧ ಅರ್ಥವಾಯಿತು.

ಏರಿನಲ್ಲಿ ಮತ್ತೆ ಹೊರಡುವುದು ಇನ್ನೂ ಕಷ್ಟ. ಒಂದೇ ಮುಖದ ಪೆಡಲ್ ಬಿಟ್ಟಾಗ ಹಿಂಭಾರದಿಂದ ಮೂಗು ಮೇಲಾಗಿ ತೂಗುತ್ತದೆ. ಕ್ಲೀಟ್‌ನ ಮೂಗನ್ನು ಅದಕ್ಕೆ ಸಿಕ್ಕಿಸಿ ಒತ್ತಬೇಕು. ಕಡಿದಾದ ಜಾಗದಲ್ಲಿ ಬಗ್ಗಿ ನೋಡಿ ಸಿಕ್ಕಿಸಲು ಹೋದವರು ಬೀಳುತ್ತಾರೆ. ನೋಡಬಾರದು. ಸಿಕ್ಕದಿದ್ದರೆ ಪೆಡಲ್ ಬೆನ್ನಿನ ಮೇಲೆಯೇ ಕಾಲಿಟ್ಟು ತುಳಿದು ಮುಂದಿನ ಬಲ ತಿರುವಿನವರೆಗೆ ಹೋಗಬೇಕು, ಅಲ್ಲಿ ರಸ್ತೆ ಸೌಮ್ಯವಾದಾಗ ಸಿಕ್ಕಿಸಿಕೊಳ್ಳಬೇಕು. ಹಿಂದೆ ಮುಂದೆ ವಾಹನವಿಲ್ಲದಿದ್ದರೆ ರಸ್ತೆಗೆ ಓರೆಯಾಗಿ ಹೊರಟರೆ ಏರು ಅರ್ಧ ಮಾಯ.

ಮುಂದೇನಾಯಿತು

ಕೆಲವು ವಾರಗಳ ಬಳಿಕ ಅದೇ ದಾರಿಯಲ್ಲಿ ಹೋದಾಗ ಬೀಳಲಿಲ್ಲ. ಬೆಟ್ಟದಲ್ಲಿ ಎರಡು ಕಡೆ ನಿಂತರು, ಎರಡೂ ಸಲ ತಾವೇ ನಿರ್ಧರಿಸಿ: ಎಡ ತಿರುವಿಗೆ ಮೊದಲು, ಮೇಲಿನಿಂದ ಬಸ್ಸು ಬರುವ ಸದ್ದು ಕೇಳಿ. ಮಂಡಿಯ ಹಿಂಭಾಗದ ನೋವು ಮರುಕಳಿಸಲಿಲ್ಲ. ಬಲ ಮಂಡಿಯ ಒಳಬದಿ ಉದ್ದ ಸವಾರಿಗಳ ಕೊನೆಯಲ್ಲಿ ಈಗಲೂ ಒಮ್ಮೊಮ್ಮೆ ಎಚ್ಚರಿಸುತ್ತದೆ. ಕ್ಲೀಟ್ ತಿರುಗಿಸಿ ಆಗುವಷ್ಟು ಆಗಿದೆ, ಇನ್ನು ಭೌತಚಿಕಿತ್ಸಕರಿಗೆ ತೋರಿಸಿ ಎಂದಿದ್ದೇನೆ. ಸೊಂಟದ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರಂತೆ.

ಈಗ ಅವರ ಕಣ್ಣು 200 ಕಿಲೋಮೀಟರ್ ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಯ ಮೇಲಿದೆ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ನಡುವೆ ನಿಯಂತ್ರಣ ಕೇಂದ್ರಗಳಲ್ಲಿ ಇಳಿದು ನಡೆದಾಡಬೇಕು, ಹೋಟೆಲಿನ ನುಣುಪು ನೆಲದಲ್ಲಿ ಇಡ್ಲಿ ತಟ್ಟೆ ಹಿಡಿದು ನಿಲ್ಲಬೇಕು. ಮೂರು ತಿರುಪಿನ ಕ್ಲೀಟ್ ಇದಕ್ಕಲ್ಲ. ಎರಡು ತಿರುಪಿನ ಸಣ್ಣ ಲೋಹದ ಕ್ಲೀಟ್ ಶೂವಿನ ಅಡಿಯೊಳಗೆ ಹುದುಗಿರುತ್ತದೆ, ಪೆಡಲ್‌ಗೆ ಎರಡೂ ಮುಖ, ನಡೆಯಲು ಸಲೀಸು. ದೂರದ ಸವಾರರಲ್ಲಿ ಬಹಳ ಮಂದಿ ಅದನ್ನೇ ಬಳಸುತ್ತಾರೆ. ಅವರೂ ತರಿಸಲು ಹೇಳಿದ್ದಾರೆ. ಆ ಶೂವಿನ ಅಡಿಯ ದಪ್ಪ ಬೇರೆ, ಪೆಡಲ್‌ನ ಎತ್ತರ ಬೇರೆ. ಪ್ರತಿ ಪೆಡಲ್‌ನ ಎರಡೂ ಮುಖಕ್ಕೆ ಒಂದೊಂದರಂತೆ ಸಡಿಲಿಸಬೇಕಾದ ಸ್ಪ್ರಿಂಗ್ ತಿರುಪು ನಾಲ್ಕು. ಪೆಟ್ಟಿಗೆ ಬಂದ ದಿನ ಸೀಟಿನ ಎತ್ತರವನ್ನು ಮತ್ತೆ ಮೊದಲಿನಿಂದ ಅಳೆಯಲು ಸಮಯ ಗೊತ್ತುಮಾಡಿಕೊಂಡಿದ್ದೇವೆ.